ಬಯಲಿಗೆ ಅಡ್ಡ ಹಾರಿದ ಮಂಗಟ್ಟೆ

"ಹಣ್ಣು ಮಾಗಿದ್ರೆ ಆ ಕಡೆಯಿಂದ ಕೂಗ್ತೀನಿ. ಆಮೇಲೆ ಮಕ್ಕಳನ್ನ ಬಿಡಿ" ಅಂದಳು ಕೆಂಚಿ. ಗಂಡನಿಗೆ ಅವಳು ಆಡಿದ ಕೊನೇ ಮಾತು ಅದು.

ಒಂದು ದಟ್ಟ ಕಾಡಿನಲ್ಲಿ ಬಯಲಿತ್ತು. ಬಯಲಿನ ಈಚೆ ಎತ್ತರದ ಮರ, ಆಚೆ ಅತ್ತಿಮರ. ಎತ್ತರದ ಮರದಲ್ಲಿ ಕೆಂಚಿ, ಅವಳ ಗಂಡ ದುಗ್ಗ, ಎರಡು ಮರಿಗಳು. ಹಾರುವ ಅಳಿಲುಗಳು ಅವು. ಕೈಕಾಲಿನ ನಡುವಿನ ತೊಗಲು ಬಿಚ್ಚಿ ಧುಮುಕಿದರೆ ತೇಲಿಕೊಂಡು ಅತ್ತಿಮರ ಸೇರುತ್ತಿದ್ದವು. ಆದರೆ ಒಮ್ಮೆ ಧುಮುಕಿದ ಮೇಲೆ ನಿಲ್ಲುವಂತಿಲ್ಲ, ಮೇಲೇರುವಂತಿಲ್ಲ.

ಅದಕ್ಕೇ ಕಾಡಿನಲ್ಲೊಂದು ಕಟ್ಟಳೆ. ಧುಮುಕುವ ಮೊದಲು ಕಾವಲಿನವನು "ಇಳೀತೀವಿ" ಅಂತ ಮೂರು ಸಲ ಕೂಗಬೇಕು. ಬಯಲು ದಾಟುವ ಹಕ್ಕಿ ಅಂಚಿನಲ್ಲಿ ನಿಂತು "ಬರಲಾ?" ಅಂತ ಕೇಳಬೇಕು. "ಬಾ" ಅಂದರೆ ದಾಟಬೇಕು. ಇಲ್ಲವೇ ಸುತ್ತಿ ಹೋಗಬೇಕು.

ಆವತ್ತು ದುಗ್ಗ ಕಾವಲಿಗಿದ್ದ. ನಾಲ್ಕೂ ಕಡೆ ನೋಡಿದ. ಮೂರು ಸಲ ಕೂಗಿದ.

ಅಂಚಿನ ಮರದ ಎಲೆಯ ಮರೆಯಲ್ಲಿ ಮಂಗಟ್ಟೆ ಹಕ್ಕಿ ಕೂತಿತ್ತು. ಅದಕ್ಕೂ ಕೂಗು ಕೇಳಿಸಿತು. 'ಇವರು ಮೊದಲು ಹೊಕ್ಕರೆ ನನಗೆ ಹಣ್ಣೆಲ್ಲಿ?' ಅಂದುಕೊಂಡಿತು. ದಪ್ಪ ಕೊಕ್ಕನ್ನು ಎಲೆಯೊಳಗೆ ತುರುಕಿ ಏನೋ ಗೊಣಗಿತು.

"ಮಾವ, ಕೇಳಿ ಹೋಗಬೇಕಲ್ಲ?" ಅಂದಿತು ಪಕ್ಕದ ಗಿಳಿ.

"ಈಗ ಕೇಳಿದೆನಲ್ಲ!"

"ಅದು ಕೇಳಿದ್ದಾ? ನಿನ್ನ ಹೊಟ್ಟೆ ಗುರ್ ಅಂತೇನೋ ಅಂದ್ಕೊಂಡೆ."

"ಬೇಡ ಅಂತ ಯಾರಾದ್ರೂ ಅಂದ್ರಾ? ಇಲ್ಲ ತಾನೆ? ಹಾಗಾದ್ರೆ ದಾರಿ ನಂದೇ."

ಮಂಗಟ್ಟೆ ರೆಕ್ಕೆ ಬಡಿದು ಬಯಲಿಗೆ ಅಡ್ಡ ಹಾರಿತು. ಕೆಂಚಿ ಆಗಲೇ ಗಾಳಿಯಲ್ಲಿದ್ದಳು.

"ಕೆಂಚೀ! ಮಂಗಟ್ಟೆ!" ಅಂತ ಅರಚಿದ ದುಗ್ಗ.

ಅವಳಿಗೆ ಕೇಳಿಸಿತು. ತಲೆ ಎತ್ತಿದಳು. ತಿರುಗಲು ಆಗಲಿಲ್ಲ.

ಇಬ್ಬರೂ ಡಿಕ್ಕಿ ಹೊಡೆದು ಹುಲ್ಲಿಗೆ ಬಿದ್ದರು. ದುಗ್ಗ ಇಳಿದು ಬರುವಷ್ಟರಲ್ಲಿ ಕೆಂಚಿಯ ಉಸಿರು ನಿಂತಿತ್ತು. ಮಂಗಟ್ಟೆಯ ರೆಕ್ಕೆ ಮುರಿದು ಜೋತಿತ್ತು.

"ನಾನು ಕೇಳಿದ್ದೆ ಕಣಪ್ಪ. ನೀನೇ ಮಾತಾಡಲಿಲ್ಲ" ಅಂತ ಅದು ನರಳಿತು.

ದುಗ್ಗ ಕೆಂಚಿಯ ಮೇಲೆ ಎಲೆ ಹೊದಿಸಿದ. ಮರ ಹತ್ತಿ ಮಕ್ಕಳ ಹತ್ತಿರ ಹೋದ. ಕತ್ತಲಾಗುವ ಮುಂಚೆ ನರಿ ಬಂತು. ಹಾರಲಾಗದ ಮಂಗಟ್ಟೆಯನ್ನು ಎಳೆದುಕೊಂಡು ಹೋಯಿತು.

ಮರುದಿನ ಬೆಳಿಗ್ಗೆ ಮರಿಗಳು ಹಸಿವಿಗೆ ಅತ್ತವು. "ಅಪ್ಪಾ, ಹಾರೋಣ್ವಾ?" ಅಂದವು. ದುಗ್ಗ ಬಯಲಿನ ಮೇಲಿನ ಆಕಾಶವನ್ನೇ ತುಂಬ ಹೊತ್ತು ನೋಡಿದ. ಆಮೇಲೆ ಅವುಗಳನ್ನು ಬೆನ್ನಿಗೆ ಹತ್ತಿಸಿಕೊಂಡು ನೆಲಕ್ಕಿಳಿದ. ನರಿ ಓಡಾಡುವ ಹುಲ್ಲಿನೊಳಗೆ, ಅತ್ತಿಮರದ ತನಕ ನಡೆದುಕೊಂಡೇ ಹೋದ.

ನೀತಿ: ಉತ್ತರ ಬರಲಿಲ್ಲ ಅಂದರೆ ಒಪ್ಪಿಗೆ ಸಿಕ್ಕಿತು ಅಂತಲ್ಲ. ಇಳಿಯುವವನು ತಿರುಗಲಾರ; ತಿರುಗಬಲ್ಲವನೇ ಸುತ್ತಿ ಹೋಗಬೇಕು.