ಜೊತೆಗೆ ನಡೆಯುವ ಕೆಲಸ

ಸಿಟಿ ಬಸ್ಸು ಎಲ್ಲಿ ತಿರುಗಿ ವಾಪಸ್ಸು ಹೊರಡುತ್ತದೋ ಅಲ್ಲಿಂದಾಚೆ ಹೊಳೆ. ಹೊಳೆಯ ಪಕ್ಕದಲ್ಲಿ ಉದ್ದಕ್ಕೂ ಮತ್ತಿ, ಹೊಂಗೆ, ನೇರಳೆ ಮರಗಳ ತೋಪು. ತೋಪು ಶುರುವಾಗುವಲ್ಲಿ ಒಂದು ಸಣ್ಣ ಮಠ. ಮಠವೆಂದರೆ ಎರಡು ಕೋಣೆ, ಒಂದು ಜಗಲಿ, ಒಂದು ನೀರಿನ ಹಂಡೆ. ಗುರು ಕರಿಬಸವಯ್ಯನವರು ಆ ಜಗಲಿಯ ಮೇಲೆ ಕೂತಿರುತ್ತಿದ್ದರು.

ಸಂಜೆಯಾದರೆ ನಗರದ ಜನ ತಮ್ಮ ತಮ್ಮ ಸಂಕಟ ಹೊತ್ತುಕೊಂಡು ಅಲ್ಲಿಗೆ ಬರುತ್ತಿದ್ದರು.

ಮಠದಲ್ಲೊಂದು ಪದ್ಧತಿಯಿತ್ತು. ಬಂದಕೂಡಲೇ ಗುರುಗಳ ಮುಂದೆ ಕೂತು ಅಳುವ ಹಾಗಿಲ್ಲ. ಮೊದಲು ಶಿಷ್ಯನ ಜೊತೆ ತೋಪಿನ ದಾರಿಯಲ್ಲಿ ನಡೆದು ಬರಬೇಕು. ಎಷ್ಟು ದೂರ ಹೋಗಿ ತಿರುಗಬೇಕು ಎನ್ನುವುದು ಬಂದವರ ಇಷ್ಟ. ಹಿಂದಿರುಗಿ ನೀರು ಕುಡಿದ ಮೇಲೂ ಕೇಳುವುದು ಉಳಿದಿದ್ದರೆ ಗುರುಗಳನ್ನು ಕೇಳಬಹುದು. ಬಹಳ ಜನ ನೀರು ಕುಡಿದು, ಕೈಮುಗಿದು, ಬಸ್ಸು ಹತ್ತಿಬಿಡುತ್ತಿದ್ದರು.

ಗುರುಗಳ ಕೆಲಸ ಕಡಿಮೆಯಾಗಲಿ ಎಂದು ಯಾರೋ ಜಾಣ ಮಾಡಿಟ್ಟ ಪದ್ಧತಿ ಇದು ಎಂದು ನಗುವವರೂ ಇದ್ದರು. ಇರಬಹುದು. ನಕ್ಕವರೂ ನಡೆದೇ ಬರುತ್ತಿದ್ದರು.

ದಾರಿಯೇನೂ ಕಷ್ಟದ್ದಲ್ಲ. ಏರಿಲ್ಲ, ಇಳಿಜಾರಿಲ್ಲ, ಮುಳ್ಳಿಲ್ಲ. ಮಂಡಿಯ ಆಪರೇಷನ್ ಆದವರೂ ಹವಾಯಿ ಚಪ್ಪಲಿಯಲ್ಲಿ ಹೋಗಿಬರಬಹುದು. ಎಡಕ್ಕೆ ಹೊಳೆ. ಬಲಕ್ಕೆ, ಮರಗಳ ಸಂದಿಯಲ್ಲಿ, ದೂರದ ಅಪಾರ್ಟ್‌ಮೆಂಟುಗಳ ದೀಪ. ಹಕ್ಕಿಗಳ ಗಲಾಟೆಯ ನಡುವೆ ರಿಂಗ್ ರೋಡಿನ ಹಾರನ್ನೂ ಕೇಳುತ್ತದೆ.

ಬಂದವರ ಜೊತೆಗೆ ನಡೆಯುವ ಕೆಲಸ ಶಿಷ್ಯ ಚೆನ್ನವೀರನದು. ವರ್ಷಗಟ್ಟಲೆ ಅದನ್ನೇ ಮಾಡಿ ಅವನಿಗೆ ಸಾಕುಸಾಕಾಗಿ ಹೋಗಿತ್ತು.

ಒಂದು ಸಂಜೆ, ಬಂದವರೆಲ್ಲ ಹೋದ ಮೇಲೆ, ಅವನು ಗುರುಗಳ ಕಾಲ ಬಳಿ ಕೂತ.

"ಅಯ್ಯ, ನನಗೆ ಅಪ್ಪಣೆ ಕೊಡಿ. ಬೆಟ್ಟದ ಕಡೆ ಹೋಗ್ತೀನಿ."

"ಯಾವ ಬೆಟ್ಟ?"

"ಯಾವುದಾದ್ರೂ ಸರಿ. ಹತ್ತೋಕೆ ಕಷ್ಟ ಇರಬೇಕು."

"ಇಲ್ಲೇನು ಕಷ್ಟ?"

"ಏನೂ ಕಷ್ಟ ಇಲ್ಲ. ಅದನ್ನೇ ತಡ್ಕೊಳ್ಳೋಕೆ ಆಗ್ತಿಲ್ಲ."

ಗುರುಗಳು ಮಂಡಿ ನೀವಿಕೊಂಡರು.

"ಸಾಧನೆ ಮಾಡಬೇಕು ಅಂತ ಮನೆ ಬಿಟ್ಟು ಬಂದೆ. ಇಲ್ಲಿ ಮಾಡ್ತಿರೋದೇನು? ವಾಕಿಂಗು! ಒಬ್ಬರಿಗೆ ಸೊಸೆ ಮಾತಾಡಿಸಲ್ಲ, ಒಬ್ಬರಿಗೆ ಸೈಟಿನ ವ್ಯಾಜ್ಯ, ಇನ್ನೊಬ್ಬರಿಗೆ ಶುಗರ್ರು. ಮರ ಅದೇ, ಹೊಳೆ ಅದೇ, ಅಳೋದೂ ಅದೇ. ಮಲಗಿದ್ರೆ ಮೈಯೆಲ್ಲ ಒನಕೆ ತಗೊಂಡು ಕುಟ್ಟಿದ ಹಾಗಿರುತ್ತೆ. ಅಜ್ಜಿಯರು ನಡೆಯೋ ದಾರಿಲಿ ನಡೆದು ಇಷ್ಟು ದಣೀತೀನಲ್ಲ ಅಂತ ನಾಚಿಕೆ ಆಗುತ್ತೆ ಅಯ್ಯ."

ಗುರುಗಳು ಅವನ ಮುಖ ನೋಡಿದರು.

"ತುಂಬಾ ದಣಿದಿದ್ದೀಯ?"

"ಜೀವ ಸಾಕಾಗಿದೆ."

"ಹಾಗಾದ್ರೆ ನಡೀಬೇಡ. ನಾಳೆಯಿಂದ ಜಗಲಿ ಮೇಲೆ ಕೂತ್ಕೋ. ಬಂದವರು ತಾವೇ ಹೋಗಿಬರಲಿ."

"ಅವರು ದಾರಿ ತಪ್ಪಿದ್ರೆ?"

"ಅದಕ್ಕೇನು ಮಾಡಬೇಕೋ ನೀನೇ ನೋಡು."

ಚೆನ್ನವೀರನ ಮುಖ ಅರಳಿತು. ಬೆಳಗಾಗುತ್ತಲೇ ತನ್ನ ಹಳೆಯ ಕಾವಿ ಪಂಚೆಯನ್ನು ಉದ್ದುದ್ದಕ್ಕೆ ಹರಿದ. ದಾರಿಯುದ್ದಕ್ಕೂ ಮರಗಳಿಗೆ, ಕಣ್ಣಿಗೆ ಬೀಳುವ ಎತ್ತರದಲ್ಲಿ, ಒಂದೊಂದೇ ಪಟ್ಟಿ ಕಟ್ಟುತ್ತ ಹೋದ. ದಾರಿ ಕವಲೊಡೆಯುವಲ್ಲಿ ಇನ್ನೊಂದು ಹೆಚ್ಚಿಗೆ ಕಟ್ಟಿದ. ಮುಗಿಸಿ ಬಂದು, ಇಷ್ಟು ಸುಲಭದ ಉಪಾಯ ಇಷ್ಟು ವರ್ಷ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ.

ಜನಕ್ಕೂ ಹಿಡಿಸಿತು. ಯಾರಿಗೂ ಕಾಯಬೇಕಿಲ್ಲ, ಯಾರ ಜೊತೆಗೂ ಮಾತಾಡಬೇಕಿಲ್ಲ. ಸಂಕಟವಿಲ್ಲದವರೂ ಶೂ ಹಾಕಿಕೊಂಡು ಬರತೊಡಗಿದರು. ಕಿವಿಗೆ ಫೋನು ಸಿಕ್ಕಿಸಿಕೊಂಡು ಹೋದರು, ಬಂದರು, ಹಂಡೆಯ ನೀರು ಚೆನ್ನಾಗಿದೆ ಎಂದರು.

ಸಂಕಟವಿದ್ದವರು ಮಾತ್ರ ಹೋದ ಮುಖದಲ್ಲೇ ವಾಪಸ್ಸು ಬಂದರು. ನೀರು ಕುಡಿದರೂ ಅವರು ಬಸ್ಸಿನ ಕಡೆ ಹೋಗುತ್ತಿರಲಿಲ್ಲ. ಸೀದಾ ಗುರುಗಳ ಮುಂದೆ ಕೂತು ಮೊದಲಿನಿಂದ ಶುರು ಮಾಡುತ್ತಿದ್ದರು. ಗುರುಗಳು ಎಲ್ಲರದನ್ನೂ ಕೇಳುತ್ತಿದ್ದರು. ಕೇಳಿ ಮುಗಿಸಿ ಏಳುವಾಗ ಕಂಬ ಹಿಡಿದು, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತಿದ್ದರು.

ಜಗಲಿಯ ಇನ್ನೊಂದು ಮೂಲೆಯಲ್ಲಿ ಕೂತ ಚೆನ್ನವೀರ ಅದನ್ನು ಕಂಡ. ಕಂಡೂ ಕಾಣದವನಂತೆ ಮುಖ ತಿರುಗಿಸಿದ. ಇಷ್ಟಾಗಿಯೂ ಅವನ ದಣಿವು ಹೋಗಿರಲಿಲ್ಲ.

ಗುರುವಾರದ ಸಂಜೆಗಳಲ್ಲಿ ಶಾಂತರಾಜು ಎನ್ನುವವರು ಬರುತ್ತಿದ್ದರು. ಬಸ್ ಡ್ರೈವರಾಗಿದ್ದು ನಿವೃತ್ತರಾದವರು. ಅವರ ಹೆಂಡತಿಗೆ ಮರೆವಿನ ಕಾಯಿಲೆ. ಗಂಡನನ್ನು ಕಂಡರೆ ಯಾರು ನೀವು ಎಂದು ಕೇಳುತ್ತಾರೆ. ಗುರುವಾರ ಮಗಳು ಬಂದು ತಾಯಿಯ ಹತ್ತಿರ ಕೂರುವುದರಿಂದ ಇವರಿಗೆ ಅಷ್ಟು ಹೊತ್ತು ಬಿಡುವು. ಇದನ್ನೆಲ್ಲ ಅವರು ಹೇಳಿದ್ದು ಮೊದಲ ದಿನ ಮಾತ್ರ. ಆಮೇಲೆ ತುಟಿ ಬಿಚ್ಚಿದವರಲ್ಲ. ಸುಮ್ಮನೆ ನಡೆಯುತ್ತಿದ್ದರು, ಗುರುಗಳನ್ನು ಏನೂ ಕೇಳದೆ ಹೋಗುತ್ತಿದ್ದರು. ಚೆನ್ನವೀರನಿಗೆ ಎಲ್ಲಕ್ಕಿಂತ ಬೇಸರ ಅವರ ಜೊತೆ ನಡೆಯುವುದು.

ಚೆನ್ನವೀರ ಜಗಲಿ ಹಿಡಿದ ಮೇಲಿನ ಮೊದಲ ಗುರುವಾರವೂ ಅವರು ಬಂದರು. ತೋಪಿನ ಶುರುವಿನಲ್ಲಿ ಕಟ್ಟಿದ್ದ ಕಾವಿ ಪಟ್ಟಿಯನ್ನು ನೋಡಿದರು. ಜಗಲಿಯ ಮೇಲಿದ್ದ ಚೆನ್ನವೀರನನ್ನು ನೋಡಿದರು. ಆಮೇಲೆ ಬಸ್ಸು ನಿಲ್ಲುವ ಕಡೆಯ ಮೋರಿಯ ಕಟ್ಟೆಯ ಮೇಲೆ ಕೂತುಬಿಟ್ಟರು.

"ಹೋಗಿಬನ್ನಿ ಸಾರ್," ಚೆನ್ನವೀರ ಕೂತಲ್ಲಿಂದಲೇ ಕೂಗಿದ. "ದಾರಿ ತಪ್ಪಲ್ಲ, ಗುರುತು ಕಟ್ಟಿದ್ದೀನಿ."

"ದಾರಿ ಗೊತ್ತು ಸ್ವಾಮಿ."

"ಮತ್ತೆ?"

"ಒಬ್ಬನೇ ನಡೆಯೋದು ಮನೇಲೇ ಇದೆಯಲ್ಲ. ಹಾಲಿಂದ ಅಡುಗೆಮನೆ, ಅಡುಗೆಮನೆಯಿಂದ ಹಾಲು."

ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಬಸ್ಸು ಬಂದಿತು, ಹತ್ತಿ ಹೋದರು. ಮುಂದಿನ ಗುರುವಾರವೂ ಬಂದರು, ಅಲ್ಲೇ ಕೂತರು, ಅದೇ ಬಸ್ಸಿಗೆ ಹೋದರು. ಚೆನ್ನವೀರ ಎರಡನೆಯ ಸಲ ಕೂಗಲಿಲ್ಲ. ಒಳಗೆ ಹೋಗಿ ಮಲಗಿದ. ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ಮುಖ ಸಣ್ಣಗೆ ಮಾಡಿಕೊಂಡು ಗುರುಗಳ ಮುಂದೆ ನಿಂತ.

"ಅಯ್ಯ, ಕೂತು ಕೂತು ಇನ್ನೂ ದಣಿದೆ."

"ಹಾಗಾದ್ರೆ ನೀನು ಹೇಳಿದ್ದೇ ಸರಿ. ಬೆಟ್ಟಕ್ಕೇ ಹೋಗು."

 ಅಪ್ಪಣೆ ಇಷ್ಟು ಸಲೀಸಾಗಿ ಸಿಗುತ್ತದೆ ಎಂದು ಅವನು ಎಣಿಸಿರಲಿಲ್ಲ.

"ಯಾವತ್ತು ಹೊರಡಲಿ?"

"ಗುರುವಾರ ಸಂಜೆ ಬಸ್ಸಿಗೆ ಹೊರಡು. ಅದಕ್ಕೆ ಮುಂಚೆ ನನ್ನ ಜೊತೆ ಒಂದು ಸಲ ನಡೆದು ಬಾ."

"ನಿಮ್ಮ ಜೊತೆಯಾ?"

"ಯಾಕಪ್ಪ, ನನಗೆ ಸಂಕಟ ಇರಬಾರದಾ? ಬಂದವರ ಜೊತೆ ಹೇಗೆ ನಡೀತಿದ್ಯೋ ಹಾಗೇ ನಡೆ."

ಗುರುವಾರ ಬಂತು. ಚೆನ್ನವೀರ ತನ್ನ ಗಂಟನ್ನು ಜಗಲಿಯ ಮೇಲಿಟ್ಟು ಗುರುಗಳ ಜೊತೆ ಹೊರಟ. ಎಂದಿನಂತೆ ತಾನು ಮುಂದೆ.

ಒಂದು ಮತ್ತಿಮರದ ಬಳಿ ಗುರುಗಳು ನಿಂತು ಪಟ್ಟಿಯನ್ನು ಮುಟ್ಟಿ ನೋಡಿದರು.

"ಯಾರದಪ್ಪ ಇದು?"

"ನನ್ನ ಹಳೇ ಪಂಚೆ ಅಯ್ಯ."

"ಭಲೆ. ನೀನು ಜಗಲಿ ಮೇಲೆ, ನಿನ್ನ ಪಂಚೆ ಕೆಲಸದ ಮೇಲೆ."

ಚೆನ್ನವೀರ ತಲೆ ತಗ್ಗಿಸಿ ಮುಂದೆ ನಡೆದ. ಸ್ವಲ್ಪ ದೂರ ಹೋಗಿ ತಿರುಗಿದರೆ ಗುರುಗಳು ಬಹಳ ಹಿಂದಿದ್ದರು. ನಿಂತ. ಅವರು ಬಂದು ಸೇರಿದರು. ಮತ್ತೆ ಹೊರಟ, ಮತ್ತೆ ನಿಂತ.

"ಯಾಕೆ ನಿಂತೆ?" ಗುರುಗಳು ಕೇಳಿದರು.

"ನಿಮಗೋಸ್ಕರ."

"ಬಂದವರ ಜೊತೆಗೂ ಹೀಗೇನಾ?"

"ಇನ್ನೇನು ಮಾಡೋದು? ಒಬ್ಬರಿಗೂ ನಡಿಗೆ ಬರಲ್ಲ. ಎಳ್ಕೊಂಡು ಹೋಗಬೇಕು, ಎಳ್ಕೊಂಡು ಬರಬೇಕು."

"ಪಾಪ. ದಣಿಯದೆ ಏನಾಗ್ತೀಯ."

ಗುರುಗಳ ಧ್ವನಿಯಲ್ಲಿ ಕುಹಕವಿರಲಿಲ್ಲ. ಅದಕ್ಕೇ ಅವನಿಗೆ ಇನ್ನಷ್ಟು ನೋವಾಯಿತು.

"ನೀನು ಮಠಕ್ಕೆ ಬಂದಾಗ ನಾನು ಏನು ಹೇಳಿದ್ದೆ, ನೆನಪಿದೆಯಾ?"

"ಬಂದವರಿಗಿಂತ ಅರ್ಧ ಹೆಜ್ಜೆ ಹಿಂದಿರು ಅಂದಿದ್ರಿ."

"ಹಿಂದಿರಲಿಲ್ಲವಾ?"

"ಮೊದಮೊದಲು ಇದ್ದೆ. ಮರ್ಯಾದೆಗೆ ಹೇಳಿದ್ದು ಅಂದ್ಕೊಂಡಿದ್ದೆ. ಆಮೇಲೆ ಜನ ಜಾಸ್ತಿ ಆದ್ರು. ಹಿಂದಿದ್ರೆ ಕತ್ತಲಾಗೋಷ್ಟರಲ್ಲಿ ಮುಗಿಯಲ್ಲ ಅಯ್ಯ."

"ಮುಗಿಯಲ್ಲ, ನಿಜ," ಎಂದು ಗುರುಗಳು ಒಪ್ಪಿಕೊಂಡರು.

ಅಷ್ಟರಲ್ಲಿ ಅವರಿಗೆ ಏದುಸಿರು ಬಂದಿತ್ತು. ಒಂದು ಬೇರಿನ ಮೇಲೆ ಕೂತರು. ಚೆನ್ನವೀರ ಪಕ್ಕದಲ್ಲಿ ಕೂತ. ಹೊಳೆಯ ಆಚೆ ದಡದಲ್ಲಿ ಯಾರೋ ಸ್ಕೂಟರ್ ತೊಳೆಯುತ್ತಿದ್ದರು. ಇಬ್ಬರೂ ಅದನ್ನೇ ನೋಡುತ್ತ ಕೂತರು.

"ನನ್ನ ಸಂಕಟ ಹೇಳಲಾ?" ಗುರುಗಳು ಕೇಳಿದರು.

"ಹೇಳಿ ಅಯ್ಯ."

"ನನಗೂ ದಣಿವಾಗಿದೆ ಚೆನ್ನವೀರ. ಇವತ್ತು ನೆನ್ನೆಯದಲ್ಲ. ನಿನ್ನಷ್ಟು ವಯಸ್ಸಲ್ಲಿ ನಾನೂ ಗುರುಗಳ ಹತ್ರ ಅಪ್ಪಣೆ ಕೇಳಿದ್ದೆ."

"ಕೊಟ್ರಾ?"

"ಕೊಟ್ರು. ಹೋದೆ. ದೊಡ್ಡ ಬೆಟ್ಟವನ್ನೇ ಹತ್ತಿದೆ. ಕಾಲಲ್ಲಿ ರಕ್ತ ಬಂತು, ಭಾರಿ ಸಂತೋಷ ಆಯ್ತು."

"ದಣಿವು ಹೋಯ್ತಾ?"

"ಎಲ್ಲಿ ಹೋಗುತ್ತೆ? ನನಗಿಂತ ಮುಂಚೆ ಅದೇ ಹತ್ತಿ ಕೂತಿತ್ತು. ಅಲ್ಲಿ ಅದೂ ನಾನೂ ಇಬ್ಬರೇ. ಹೇಳ್ಕೊಳ್ಳೋಕೆ ಒಂದು ನರಪಿಳ್ಳೆ ಇರಲಿಲ್ಲ."

"ಈಗ?"

"ಈಗ ನಿನ್ನ ಹತ್ರ ಹೇಳಿದೆನಲ್ಲ."

ಚೆನ್ನವೀರ ಅವರ ಮುಖ ನೋಡಿದ. ಇಷ್ಟು ವರ್ಷ ದಿನವೂ ನೋಡಿದ ಮುಖ. ಕಣ್ಣ ಕೆಳಗೆ ಕಪ್ಪಾಗಿತ್ತು, ಕೆನ್ನೆ ಒಳಗೆ ಹೋಗಿತ್ತು. ತಾನು ಜಗಲಿಯಲ್ಲಿ ಕೂತ ಮೇಲೆ ಆದದ್ದೆಷ್ಟು, ಮೊದಲೇ ಇದ್ದದ್ದೆಷ್ಟು, ಅವನಿಗೆ ಗೊತ್ತಾಗಲಿಲ್ಲ. ಅಳು ಬಂತು. ಅತ್ತ.

ಗುರುಗಳು ಸಮಾಧಾನ ಮಾಡಲಿಲ್ಲ. ಅವನ ಹೆಗಲ ಮೇಲೆ ಕೈಯೂರಿ ಎದ್ದರು.

"ಸಾಕು, ತಿರುಗೋಣ," ಎಂದರು.

ಬರುವಾಗ ಅವರು ಮುಂದೆ. ಚೆನ್ನವೀರ ಅರ್ಧ ಹೆಜ್ಜೆ ಹಿಂದೆ, ಅವರ ಮೊಣಕೈಗೆ ಕೈ ಕೊಟ್ಟುಕೊಂಡು. ಮುದುಕರ ಹೆಜ್ಜೆ ಬಹಳ ಸಣ್ಣದು. ಮೊದಲು ಅವನಿಗೆ ಕಾಲು ಕಟ್ಟಿಹಾಕಿದಂತಾಯಿತು. ಆಮೇಲೆ ಅವರು ನಿಂತಲ್ಲಿ ನಿಂತ, ಹೊರಟಾಗ ಹೊರಟ. ಎಲ್ಲಿಗೆ ಬಂದೆವು, ಇನ್ನೆಷ್ಟಿದೆ ಎಂದು ನೋಡುವುದು ಯಾವಾಗಲೋ ಬಿಟ್ಟುಹೋಗಿತ್ತು. ದಣಿವು ಇದ್ದೇ ಇತ್ತು, ಆದರೆ ಒನಕೆಯಂತೆ ಕುಟ್ಟುತ್ತಿರಲಿಲ್ಲ.

ತೋಪಿನಿಂದ ಹೊರಬರುವ ಹೊತ್ತಿಗೆ ಬಸ್ಸು ತಿರುಗಿ ನಿಂತಿತ್ತು. ಚೆನ್ನವೀರ ಗುರುಗಳನ್ನು ಜಗಲಿಯ ಮೇಲೆ ಕೂರಿಸಿ ತನ್ನ ಗಂಟು ಎತ್ತಿಕೊಂಡ. ಅದೇ ಬಸ್ಸಿಗೆಂದು ಶಾಂತರಾಜು ಮೋರಿಯ ಕಟ್ಟೆಯಿಂದ ಏಳುತ್ತಿದ್ದರು.

"ನೀವೂ ಹೊರಟಿರಾ ಸ್ವಾಮಿ?"

"ಹೂಂ. ಬೆಟ್ಟಕ್ಕೆ."

"ಒಳ್ಳೇದು," ಎಂದರು ಶಾಂತರಾಜು. ಬಟ್ಟೆಯ ಧೂಳು ಕೊಡವಿಕೊಂಡು, "ನಿಮ್ಮ ಜೊತೆ ಹೋಗಿಬಂದ ದಿನ ಮನೇಲಿ ಅವಳು 'ಯಾರು ನೀವು' ಅಂದ್ರೆ ಕೋಪ ಬರ್ತಿರಲಿಲ್ಲ. ಹೇಳಬೇಕು ಅಂತ ಇತ್ತು, ಹೇಳಿದೆ," ಎಂದು ಬಸ್ಸಿನ ಕಡೆ ಹೆಜ್ಜೆ ಹಾಕಿದರು.

ಕಂಡಕ್ಟರು ಬಾಗಿಲು ತಟ್ಟಿ, ಹತ್ತೋರು ಹತ್ರಪ್ಪ, ಎಂದು ಕೂಗಿದ.

ಚೆನ್ನವೀರ ಶಾಂತರಾಜು ಅವರ ತೋಳು ಹಿಡಿದು ನಿಲ್ಲಿಸಿದ. ನಿಲ್ಲಿಸಿದವನಿಗೆ ಮುಂದೇನು ಎಂದು ತಿಳಿಯಲಿಲ್ಲ. ಬಸ್ಸು ಹೊರಟುಹೋಯಿತು. ಅವನು ಜಗಲಿಯ ಕಡೆ ತಿರುಗಿದ.

"ಅಯ್ಯ, ಸುಳ್ಳು ಹೇಳಲ್ಲ. ನನ್ನಲ್ಲಿ ಏನೂ ಉಳಿದಿಲ್ಲ. ಪೂರ್ತಿ ದಣಿದಿದ್ದೀನಿ. ಇವರ ಜೊತೆ ಹೇಗೆ ನಡೀಲಿ?"

ಗುರುಗಳು ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡಿದ್ದರು. ಕಣ್ಣು ತೆರೆಯದೆಯೇ ಹೇಳಿದರು:

"ಅವರೂ ದಣಿದಿದ್ದಾರೆ. ಹೆಜ್ಜೆ ಕೂಡುತ್ತೆ, ಹೋಗು."