ಸುಂಟರಗಾಳಿಗೆ ಯಾಕೆ ನಿಲ್ಲೋಕೆ ಬರಲ್ಲ

ಬಯಲಲ್ಲಿ ಸುಂಟರಗಾಳಿ ಎದ್ದಿದೆ ನೋಡು. ದೆವ್ವ ಅಂತ ಓಡಬೇಡ ಕೂಸೇ, ಬಾ ಇಲ್ಲಿ, ಅಜ್ಜಿ ಪಕ್ಕ ಕೂತ್ಕೋ. ಅದು ಯಾಕೆ ಹಂಗೆ ಸುತ್ತುತ್ತೆ ಅಂತ ಹೇಳ್ತೀನಿ.

ಭೂಮಿ ಇನ್ನೂ ಹಸಿಮಣ್ಣಾಗಿದ್ದ ಕಾಲ ಅದು. ಎಲ್ಲಿ ಕೂರೋದು ಅಂತ ಬೆಟ್ಟಗಳು ಇನ್ನೂ ಜಾಗ ಹುಡುಕುತ್ತಿದ್ದವು. ಆಗ ಗಾಳಿ ಅಂತ ಇದ್ದವನು ಗಾಳಿಯಪ್ಪ ಒಬ್ಬನೇ. ಮನಸ್ಸು ಬಂದಾಗ ಬರೋನು, ಬೇಜಾರಾದಾಗ ಹೋಗೋನು. ಜನ ರಾಗಿ ಒಕ್ಕಿ, ಕಣದಲ್ಲಿ ಮೊರ ಎತ್ತಿ ಹಿಡಿದು ಕಾಯೋರು. ಅವನು ಬಂದರೆ ಹೊಟ್ಟು ಹಾರಿ ಕಾಳು ಉಳಿಯೋದು. ಗಾಳಿ ಬಂದಾಗ ತೂರಿಕೋ ಅನ್ನೋ ಮಾತು ಆಗಿನದೇ. ಬರದಿದ್ದರೆ ಹಾಡು ಹೇಳ್ಕೊಂಡು ಕೂರೋರು, ಅಷ್ಟೆ.

ಕಾದು ಕಾದು ಜನಕ್ಕೆ ಬೇಸರ ಬಂತು. "ಕರೆದಾಗ ಬರೋ ಗಾಳಿ ಒಂದು ಕೊಡಪ್ಪ" ಅಂದರು.

"ಕೊಡ್ತೀನಿ. ಆದರೆ ಅದಕ್ಕೆ ಸ್ವಂತ ಉಸಿರಿರಲ್ಲ. ನಿಮ್ಮ 'ಬೇಕು'ಗಳೇ ಅದರ ಉಸಿರು. ಆಗಬಹುದಾ?" ಅಂದ ಗಾಳಿಯಪ್ಪ.

"ಅದಕ್ಕೇನು ಬರವೇ ನಮ್ಮಲ್ಲಿ!" ಅಂತ ಜನ ನಕ್ಕರು. ಒಬ್ಬೊಬ್ಬರೂ ತಮಗೆ ಬೇಕಾದ್ದು ಹೇಳಿದರು. ಆ ಮಾತುಗಳನ್ನೆಲ್ಲ ಗಾಳಿಯಪ್ಪ ಹಗ್ಗದ ಹಾಗೆ ಹೊಸೆದು ನೆಲಕ್ಕೆ ಬಿಟ್ಟ. ಸುಂಟರಗಾಳಿ ಹುಟ್ಟಿತು.

ಅಯ್ಯೋ, ಎಷ್ಟು ಒಳ್ಳೇದಿತ್ತು ಗೊತ್ತಾ! ಸುಳ್ಳು ಯಾಕೆ ಹೇಳಲಿ. ಕರೆದಾಗ ಬಂತು, ತೂರಿತು. ಹಸಿದ ಮಕ್ಕಳು ಹೊಟ್ಟೆ ತುಂಬಾ ಮುದ್ದೆ ಉಂಡವು.

ತೂರೋದು ಮುಗಿದ ಮೇಲೆ ಅದು "ಇನ್ನೇನು ಬೇಕು?" ಅಂತು.

"ಏನೂ ಇಲ್ಲ, ಹೋಗಿ ಮಲಕ್ಕೋ" ಅಂದರು.

"ನಿಂತರೆ ಸತ್ತುಹೋಗ್ತೀನಿ. ಇನ್ನೇನು ಬೇಕು?" ಅಂತು.

ಪಾಪ ಅನ್ನಿಸಿತು ಜನಕ್ಕೆ. ಬೇಕಿಲ್ಲದ್ದನ್ನೂ ಬೇಕು ಅಂದರು. ಪಕ್ಕದ ಮನೆಯವರ ರಾಶಿಗಿಂತ ದೊಡ್ಡ ರಾಶಿ ಬೇಕು ಅಂದರು. ಗಾಳಿ ಬೆಳೆಯಿತು, ಬೆಳೆದು ಬೆಳೆದು ಕಾಳು ಯಾವುದು ಹೊಟ್ಟು ಯಾವುದು ಅನ್ನೋದೇ ಅದಕ್ಕೆ ಮರೆತುಹೋಯಿತು. ಒಬ್ಬರ ರಾಶಿ ಎತ್ತಿ ಇನ್ನೊಬ್ಬರ ಕಣಕ್ಕೆ ಸುರಿಯಿತು. ಮನೆಗಳ ಸೂರು ಕಿತ್ತಿತು.

ಆ ಊರಲ್ಲಿ ದೊಡ್ಡೀರಮ್ಮ ಅಂತ ಒಬ್ಬ ಮುದುಕಿ. ಅವಳಿಗಿದ್ದದ್ದು ಕೆಂಚಿ ಅನ್ನೋ ಪುಟ್ಟ ಮೊಮ್ಮಗಳು, ಮುಂದಿನ ಮಳೆಗೆ ಬಿತ್ತೋಕೆ ಒಂದು ಮಣ್ಣಿನ ಗುಡಾಣದ ತುಂಬ ಬೀಜ. ಆ ಬೀಜ ಹೋದರೆ ಕೆಂಚಿಗೆ ಬರೋ ವರ್ಷ ಅಂಬಲಿಯೂ ಇಲ್ಲ. ಒಂದು ಮಧ್ಯಾಹ್ನ ಗಾಳಿ ಬಂದು ಗುಡಾಣವನ್ನೇ ಎತ್ತಿಬಿಟ್ಟಿತು.

"ಎಲ್ಲಿಂದಲೋ ಬಂದ ದೆವ್ವ ಇದು!" ಅಂತ ಊರವರು ಬಾಗಿಲು ಹಾಕಿಕೊಂಡರು. ದೊಡ್ಡೀರಮ್ಮ ಸೆರಗು ಬಿಗಿದು ಗಾಳಿಯೊಳಗೇ ನುಗ್ಗಿದಳು.

ಒಳಗೆ ಯಾರೂ ಇರಲಿಲ್ಲ. ದೆವ್ವವೂ ಇಲ್ಲ, ದೇವರೂ ಇಲ್ಲ. ಬರೀ ದನಿಗಳು, ಊರವರದೇ ದನಿಗಳು. ಅದರಲ್ಲಿ ಒಂದು ಅವಳದು: "ನನ್ನ ಕೆಂಚಿಗೆ ಎಲ್ಲರಿಗಿಂತ ಹೆಚ್ಚು ಬೇಕು."

"ಇಷ್ಟೆಲ್ಲ ತಿಂದೆಯಲ್ಲೋ, ನಿನಗೇನು ಬೇಕು?" ಅಂತ ಕೇಳಿದಳು.

"ನಂಗೇನೂ ಬೇಡ ಅವ್ವಾ. ನಂಗೆ ನಿಲ್ಲೋಕೆ ಬರಲ್ಲ" ಅಂತ ಗಾಳಿ ಅತ್ತಿತು.

ದೊಡ್ಡೀರಮ್ಮ ಕಣ್ಣು ಮುಚ್ಚಿದಳು. ಮೊಮ್ಮಗಳಿಗೆ ಅಂತ ಕೇಳಿದ್ದನ್ನ ಬಿಡೋದು ಸುಲಭವಾ? ಆದರೂ ಅಂದಳು: "ನನಗೆ ಸಾಕು."

ಅವಳ ದನಿ ಹೊಸೆತದಿಂದ ಬಿಚ್ಚಿಕೊಂಡಿತು. ಗಾಳಿ ತತ್ತರಿಸಿ ನೆಲಕ್ಕೆ ಕುಸಿಯಿತು. ಗುಡಾಣ ಬಿದ್ದು ಒಡೆಯಿತು. ಮಣ್ಣಲ್ಲಿ ಹೆಕ್ಕಿದಾಗ ಸಿಕ್ಕಿದ್ದು ಒಂದೇ ಬೊಗಸೆ ಬೀಜ. ಕೆಂಚಿ ಬದುಕಿದ್ದು ಅದರಿಂದಲೇ.

"ನೀವೂ ಒಂದು ಸಲ ಸಾಕು ಅನ್ರಪ್ಪಾ, ಇದು ಮಲಗಲಿ!" ಅಂತ ದೊಡ್ಡೀರಮ್ಮ ಬೀದಿಯಲ್ಲಿ ನಿಂತು ಕೂಗಿದಳು. ಮೊದಲು ಪಕ್ಕದ ಮನೆಯವರು ಅನ್ನಲಿ ಅಂತ ಒಬ್ಬೊಬ್ಬರೂ ಬಾಗಿಲ ಹಿಂದೆ ಕಾದರು. ಅಷ್ಟರಲ್ಲಿ ಅವರ 'ಬೇಕು'ಗಳ ಉಸಿರಲ್ಲೇ ಗಾಳಿ ಮೆಲ್ಲಗೆ ಎದ್ದು, ಮೊದಲಿನ ಬಲವಿಲ್ಲದೆ ಬಯಲ ಕಡೆ ಹೋಯ್ತು.

ಅದಕ್ಕೇ ಕೂಸೇ, ಬೇಸಿಗೆಯಲ್ಲಿ ಸುಂಟರಗಾಳಿ ಬರೀ ಹೊಲದ ತರಗೆಲೆ ಎತ್ತಿಕೊಂಡು ಸುತ್ತುತ್ತೆ, ಇದ್ದಕ್ಕಿದ್ದ ಹಾಗೆ ಕುಸಿಯುತ್ತೆ, ಮತ್ತೆ ಏಳುತ್ತೆ; ಕುಸಿದರೆ ಎಲ್ಲೋ ಯಾರೋ ಸಾಕು ಅಂದಿದ್ದಾರೆ, ಎದ್ದರೆ ಉಳಿದವರೆಲ್ಲ ಇನ್ನೂ ಬಾಗಿಲ ಹಿಂದೆ ಕಾಯ್ತಿದ್ದಾರೆ.