ಚಂದಮ್ಮತಾಯಿ ಬಿಡದ ಪಲ್ಲವಿ

ಭೀಮಾತೀರದ ಮಠವೊಂದರ ದಾಸೋಹದ ಮನೆಯೇ ಪೂಜ್ಯ ಚಂದಮ್ಮತಾಯಿಯವರ ತಪೋಭೂಮಿ. ಹೆಂಗಸರೊಡನೆ ರೊಟ್ಟಿ ಬಡಿಯುತ್ತಲೇ ಅವರು ಪದ ಕಟ್ಟಿ ಹಾಡುತ್ತಿದ್ದರು. ಸೋಮವಾರದ ಪೂಜೆಯಲ್ಲಿ ಗದ್ದುಗೆಯ ಮುಂದೆ ಎಲ್ಲರೂ ಅವೇ ಪದಗಳನ್ನು ಹಾಡುವುದು ವಾಡಿಕೆ. ಇದು ಮಠದ ಹಿರಿಯರ ಕಣ್ಣು ಕುಕ್ಕಿತು. ಕಾವ್ಯವೆನಿಸದ ಹಾಡಿಗೆ ಇನ್ನು ಅಲ್ಲಿ ಜಾಗವಿಲ್ಲವೆಂದು ಅಪ್ಪಣೆ ಮಾಡಿ, ಪದಗಳನ್ನು ಪರೀಕ್ಷಿಸಲು ಪರವೂರಿನಿಂದ ಅಡವಯ್ಯಶಾಸ್ತ್ರಿಗಳನ್ನು ಕರೆಸಿದರು.

ಶಾಸ್ತ್ರಿಗಳು ಕೆಟ್ಟವರಲ್ಲ, ಓದು ತುಸು ತಲೆಗೇರಿತ್ತು ಅಷ್ಟೆ. ಅವರ ಅಕ್ಕ ಶಾಂತವ್ವ ಅದೇ ದಾಸೋಹದ ಒಲೆಯ ಬಳಿ ಇದ್ದಳು. ಮಗಳನ್ನು ಹೊಳೆ ಎಳೆದುಕೊಂಡು ಹೋದ ಮೇಲೆ ಆಕೆಯ ಮಾತೇ ನಿಂತುಹೋಗಿತ್ತು. ದಿಕ್ಕು ತೋಚದೆ ಶಾಸ್ತ್ರಿಗಳೇ ಹೋದ ವರ್ಷ ಆಕೆಯನ್ನು ತಾಯಿಯವರ ಕೈಗೊಪ್ಪಿಸಿ ಹೋಗಿದ್ದರು.

"ತಾಯಿ, ನಿಮ್ಮ ಪದದಾಗ ಕಾವ್ಯ ಅದ. ಆದ್ರ ಪಲ್ಲವಿ ನುಡಿನುಡಿಗೂ ತಿರುಗಿ ಬರ್ತದ. ಅದು ಪುನರುಕ್ತಿ ದೋಷ. ಅದನ್ನ ತೆಗೆದು ಓದ್ತೀನಿ, ಕೇಳ್ರಿ," ಎಂದು ಶಾಸ್ತ್ರಿಗಳು ಓದಿದರು. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಇತ್ತು. ಹೆಂಗಸರು ಕೈ ನಿಲ್ಲಿಸಿ, ತಲೆ ತಗ್ಗಿಸಿ ಸುಮ್ಮನೆ ಕೇಳಿದರು.

"ಹಿಂಗ ಒಪ್ಪಿದ್ರ ಗದ್ದುಗಿ ಮುಂದ ಹಾಡಬಹುದು. ಇಲ್ಲಾಂದ್ರ ಇಲ್ರಿ."

ತಾಯಿಯವರು ಹಿಟ್ಟು ನಾದುತ್ತಾ ಅದೇ ಪದ ಎತ್ತಿಕೊಂಡರು. ಮೊದಲ ನುಡಿ ಮುಗಿದು ಪಲ್ಲವಿ ಬಂತು.

"ಬಾರವ್ವ ಒಳಗ ಬಾ, ಬಾಗಿಲಿಗೆ ಅಗಳಿಯಿಲ್ಲ."

ಹೆಂಗಸರೆಲ್ಲ ದನಿಗೂಡಿಸಿದರು. ಅದರೊಳಗೆ ಒಂದು ಒಡಕು ದನಿಯೂ ಇತ್ತು. ಶಾಸ್ತ್ರಿಗಳು ತಿರುಗಿ ನೋಡಿದರೆ, ಶಾಂತವ್ವ! ತಾಯಿಯವರು ಮುಂದಿನ ನುಡಿ ಹಾಡುವಾಗ ಆಕೆ ಬಾಯಿ ಮುಚ್ಚಿ ಕಾದಳು. ಪಲ್ಲವಿ ಮತ್ತೆ ಬಂದಾಗ ಮತ್ತೆ ಹಾಡಿದಳು.

ತಾಯಿಯವರು ಹಾಡು ನಿಲ್ಲಿಸಿದರು. "ಶಾಸ್ತ್ರಿಗಳ, ನುಡಿ ನಾ ಕಟ್ಟಿದ್ದು, ಬೇಕಾದ್ರ ಒಯ್ರಿ. ಪಲ್ಲವಿ ಇವರದು. ನೀವು ಹೊಡೆದು ಹಾಕಿದ್ದು ನಿಮ್ಮಕ್ಕ ಕುಂದ್ರೋ ಜಾಗಾನ. ಹಿರಿಯರಿಗೆ ಹೇಳ್ರಿ, ಗದ್ದುಗಿ ಬಿಟ್ಟೇವು, ಪಲ್ಲವಿ ಬಿಡಂಗಿಲ್ಲ."

ಶಾಸ್ತ್ರಿಗಳು ಒಲೆಯ ಮುಂದೆಯೇ ಕುಸಿದು ಕುಳಿತು ಮಗುವಿನ ಹಾಗೆ ಅತ್ತರು.

ಸೋಮವಾರ ಹೆಂಗಸರನ್ನು ಗದ್ದುಗೆಯ ಹೊಸ್ತಿಲಾಚೆಯೇ ತಡೆದು ನಿಲ್ಲಿಸಿದ್ದರು. ತುಂಬಿದ ಸಭೆಯಲ್ಲಿ ಹಿರಿಯರು ಕೇಳಿದರು: "ಹೇಳ್ರಿ ಶಾಸ್ತ್ರಿಗಳ, ಅದು ಕಾವ್ಯ ಹೌದೋ ಅಲ್ಲೋ?"

ಶಾಸ್ತ್ರಿಗಳು ಮಠದವರು ಹೊದಿಸಿದ್ದ ಶಾಲನ್ನು ಮಡಿಸಿ ಅವರ ಮುಂದೆಯೇ ಇಟ್ಟರು. ಹೊಸ್ತಿಲು ದಾಟಿ ಹೋಗಿ ಅಕ್ಕನ ಪಕ್ಕದಲ್ಲಿ ನಿಂತರು. ಎಂದೂ ಹಾಡಿರದ ಒರಟು ಕಂಠದಲ್ಲಿ, "ಬಾರವ್ವ ಒಳಗ ಬಾ," ಎಂದು ಎತ್ತಿದರು. ಹಿರಿಯರು ಕಣ್ಣು ಕೆಂಪಗೆ ಮಾಡಿದಷ್ಟೂ ಅವರ ದನಿ ಏರಿತು. ಉಳಿದ ಸಾಲನ್ನು ಶಾಂತವ್ವ ಹಾಡಿದಳು.